‘ಅಲೆನ್ ಗಾರ್ಡಿನರ್’ ಹಡಗು: ವುಲಾಯಾದ ಆ ಭಾನುವಾರಕ್ಕೆ ಮುಂಚೆ ಏನಾಗಿತ್ತು?

ಕೋವಿ ಇತ್ತು, ಮದ್ದು ಇರಲಿಲ್ಲ. 1859ರ ನವೆಂಬರ್‌ನ ಒಂದು ಭಾನುವಾರ ವುಲಾಯಾ ಕೊಲ್ಲಿಯಲ್ಲಿ ‘ಅಲೆನ್ ಗಾರ್ಡಿನರ್’ ಎಂಬ ಕ್ರೈಸ್ತ ಮಿಶನ್ ಹಡಗಿನ ಎಂಟು ಜನರ ಕೊಲೆಯಾಯಿತು. ಆ ಪ್ರಕರಣ ಶುರುವಾಗುವುದೇ ಇಲ್ಲಿಂದ.

1850ರ ಡಿಸೆಂಬರ್‌ನಲ್ಲಿ ‘ಓಷನ್ ಕ್ವೀನ್’ ಎಂಬ ಹಡಗು ಏಳು ಜನರನ್ನು ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ, ಟಿಯೆರಾ ಡೆಲ್ ಫ್ಯೂಗೊದ ಪಿಕ್ಟನ್ ದ್ವೀಪದಲ್ಲಿ ಇಳಿಸಿ ತನ್ನ ಪಾಡಿಗೆ ತಾನು ಹೊರಟುಹೋಯಿತು. ಅವರ ಮುಖ್ಯಸ್ಥ ಅಲೆನ್ ಗಾರ್ಡಿನರ್. ಬ್ರಿಟಿಷ್ ನೌಕಾಪಡೆಯಲ್ಲಿದ್ದು ಬಂದವರು. 1844ರಲ್ಲಿ ಪ್ಯಾಟಗೋನಿಯನ್ ಮಿಶನ್ ಎಂಬ ಸಂಘ ಕಟ್ಟಿದ್ದರು. ಜೊತೆಗೆ ಒಬ್ಬ ಡಾಕ್ಟರ್, ಒಬ್ಬ ಉಪದೇಶಿ, ಒಬ್ಬ ಬಡಗಿ, ಕಾರ್ನ್‌ವಾಲ್‌ನ ಮೂವರು ಮೀನುಗಾರರು. ಆರು ತಿಂಗಳಿಗೆ ಸಾಲುವ ಆಹಾರ, ಎರಡು ಸಣ್ಣ ದೋಣಿ, ಬಲೆ, ಕೋವಿಗಳು. ಹಡಗು ಕಣ್ಮರೆಯಾದ ಮೇಲೆ ಗೊತ್ತಾಯಿತು: ಕೋವಿಯ ಮದ್ದು ಹಡಗಿನಲ್ಲೇ ಉಳಿದುಬಿಟ್ಟಿದೆ.

ಆಮೇಲಿನದು ಊಹಿಸುವುದು ಕಷ್ಟವಲ್ಲ. ದಡದ ಜನ ಇವರ ಸಾಮಾನಿನ ಸುತ್ತ ಮುತ್ತಿಕೊಂಡರು. ಇವರು ಹೆದರಿ ದೋಣಿ ಹತ್ತಿ ಬೇರೆ ಬೇರೆ ಕೊಲ್ಲಿಗಳಲ್ಲಿ ಅಡಗಿದರು. ಒಂದು ದೋಣಿ ಒಡೆಯಿತು. ಮಂಜುಗಡ್ಡೆ ಸಿಕ್ಕಿ ಬಲೆ ಹರಿಯಿತು. ಸಾಮಾನು ತರಬೇಕಿದ್ದ ಹಡಗು ಬರಲೇ ಇಲ್ಲ. ಬಂದವರು ಹುಡುಕಲಿ ಎಂದು ಪಿಕ್ಟನ್‌ನ ಬಂಡೆಯ ಮೇಲೆ ಬಣ್ಣದಲ್ಲಿ ಬರೆದಿಟ್ಟರು: ಸ್ಪ್ಯಾನಿಯರ್ಡ್ ಹಾರ್ಬರ್‌ಗೆ ಹೋಗಿ. 1851ರ ಸೆಪ್ಟೆಂಬರ್ ಹೊತ್ತಿಗೆ ಏಳೂ ಜನ ಹಸಿವು, ಕಾಯಿಲೆಯಿಂದ ಸತ್ತಿದ್ದರು. ಗಾರ್ಡಿನರ್ ಅವರ ದಿನಚರಿ ಉಳಿಯಿತು.

ಆ ದಿನಚರಿ ಮತ್ತು ಕಾಗದಗಳಲ್ಲಿ ಪ್ರಾರ್ಥನೆ ಮಾತ್ರ ಇರಲಿಲ್ಲ, ಒಂದು ಯೋಜನೆಯೂ ಇತ್ತು. ಮಿಶನ್‌ಗೆ ಸ್ವಂತ ಹಡಗು ಬೇಕು. ಫಾಕ್‌ಲೆಂಡ್ ದ್ವೀಪಗಳಲ್ಲಿ ಒಂದು ನೆಲೆ ಬೇಕು. ಹಡಗಿನಲ್ಲಿ ಇಲ್ಲಿನ ಕೆಲವರನ್ನು ಅಲ್ಲಿಗೆ ಕರೆದೊಯ್ದು ಅವರಿಂದ ಭಾಷೆ ಕಲಿಯಬೇಕು, ಅವರಿಗೆ ಇಂಗ್ಲಿಷ್ ಕಲಿಸಬೇಕು, ಆಮೇಲೆ ವಾಪಸ್ ಬಿಡಬೇಕು. ಹಸಿದು ಸಾಯುತ್ತಿರುವ ಮನುಷ್ಯ ಬರೆದದ್ದು ಇದು. ಅಂಥ ಕಾಗದವನ್ನು ಯಾರು ಪ್ರಶ್ನೆ ಮಾಡುತ್ತಾರೆ? ಮುಂದಿನ ಎಂಟು ವರ್ಷ ನಡೆದದ್ದೆಲ್ಲ ಅದರಲ್ಲಿ ಇದ್ದಂತೆಯೇ ನಡೆಯಿತು.

ಹಡಗು ಬಂತು

ಸುದ್ದಿ ಮುಟ್ಟಿದಾಗ ಇಂಗ್ಲೆಂಡಿನಲ್ಲಿ ಕೆಲವು ಪತ್ರಿಕೆಗಳು ಬೈದವು. ಇಂಥ ಹುಚ್ಚಿಗೆ ಜೀವ ಕಳೆಯಬೇಕಿತ್ತೇ ಎಂದು ಕೇಳಿದವು. ಆದರೆ ದುಡ್ಡು ಕೂಡಿತು. ಸಂಘದ ಕಾರ್ಯದರ್ಶಿ ಜಾರ್ಜ್ ಪ್ಯಾಕೆನ್‌ಹಮ್ ಡೆಸ್ಪಾರ್ಡ್ ಎಂಬ ಪಾದ್ರಿ ಊರೂರು ಹಟ ಹಿಡಿದು ಕೆಲಸ ಮಾಡಿದರು. ಡೆವನ್‌ನ ಡಾರ್ಟ್‌ಮತ್‌ನಲ್ಲಿ 88 ಟನ್ನಿನ ಒಂದು ಸ್ಕೂನರ್ ಸಿದ್ಧವಾಯಿತು. ಸತ್ತವರ ಹೆಸರನ್ನೇ ಇಟ್ಟರು: ‘ಅಲೆನ್ ಗಾರ್ಡಿನರ್’. 1854ರ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್‌ನಿಂದ ಹೊರಟಿತು.

ಹಡಗಿನ ಆಯ್ಕೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಸ್ಕೂನರ್‌ನ ಹಾಯಿಗಳು ಹಡಗಿನ ಉದ್ದಕ್ಕೆ ಕಟ್ಟಿರುತ್ತವೆ, ಅಡ್ಡಕ್ಕಲ್ಲ. ಹಾಗಾಗಿ ಗಾಳಿ ಎದುರಿಗಿದ್ದರೂ ಓರೆ ಓರೆಯಾಗಿ ಮುಂದೆ ಹೋಗಬಹುದು. ಹಾಯಿ ಏರಿಸಿ ಇಳಿಸಲು ಕಡಿಮೆ ಖಲಾಸಿಗಳು ಸಾಕು. ಆ ಕರಾವಳಿಗೆ ಬೇಕಾದದ್ದು ಇದೇ. ಅಲ್ಲಿ ಸಮುದ್ರ ನೂರಾರು ಇಕ್ಕಟ್ಟಾದ ಕಾಲುವೆಗಳಾಗಿ ಸೀಳಿಹೋಗಿದೆ. ಬೆಟ್ಟದ ಮೇಲಿಂದ ಗಾಳಿ ಮುನ್ಸೂಚನೆಯೇ ಇಲ್ಲದೆ ಕೆಳಗೆ ಧುಮುಕುತ್ತದೆ. ನೀರು ದಡದ ತನಕ ಆಳ, ಲಂಗರು ಹಾಕಲು ಜಾಗ ಸಿಗುವುದೇ ಅಪರೂಪ. ನೀರಿನಡಿ ಬಂಡೆ ಇದೆ ಎಂದು ತಿಳಿಯುವುದು ಮೇಲೆ ತೇಲುವ ಕಡಲಪಾಚಿಯ ಗುಂಪಿನಿಂದ. ದೊಡ್ಡ ಹಡಗು ಅಲ್ಲಿ ಹೊರೆ. ಪುಟ್ಟ ಹಡಗು ಬೆಕ್ಕಿನ ಹಾಗೆ ಸಂದಿಯಲ್ಲಿ ನುಗ್ಗುತ್ತದೆ.

1851ರಲ್ಲಿ ಕೊಂದದ್ದು ಹಸಿವು. ಹಸಿವಿಗೆ ಉತ್ತರ ಹಡಗು. ಅಲ್ಲಿಗೆ ಆ ಲೆಕ್ಕ ಸರಿಯಾಗಿತ್ತು. ಆದರೆ ಏಳು ಜನ ಅಡಗಿ ಕೂತದ್ದು ಯಾಕೆ? ಸುತ್ತ ಇದ್ದವರು ಅದೇ ಕಡಲಿನಲ್ಲಿ ಸಾವಿರಾರು ವರ್ಷದಿಂದ ಹೊಟ್ಟೆ ತುಂಬಿಸಿಕೊಂಡೇ ಬದುಕಿದ್ದರು. ಅವರ ಜೊತೆ ಒಂದು ಮಾತು ಆಡಲೂ ಇವರಿಗೆ ಬರುತ್ತಿರಲಿಲ್ಲ. ಈ ಎರಡನೇ ಕೊರತೆಯನ್ನೂ ಹಡಗೇ ತುಂಬಿಸುತ್ತದೆ ಎಂದು ಸಂಘ ನಂಬಿತು. ನನ್ನ ಪ್ರಕಾರ ಎಡವಿದ್ದು ಅಲ್ಲಿ.

ಏಣಿ ಎಲ್ಲಿ?

ಆ ಜನ ಯಾಘನ್ನರು. ಬದುಕೆಲ್ಲ ದೋಣಿಯಲ್ಲಿ. ಮರದ ತೊಗಟೆ ಹೊಲಿದು ಮಾಡಿದ ದೋಣಿ, ಅದರ ನಡುವೆ ಮಣ್ಣುಮರಳಿನ ಹಾಸಿನ ಮೇಲೆ ಆರದ ಬೆಂಕಿ. ಹುಟ್ಟು ಹಾಕುವವರು, ತಣ್ಣೀರಿಗೆ ಧುಮುಕಿ ಚಿಪ್ಪು ಹೆಕ್ಕುವವರು ಹೆಂಗಸರು. ಅಂಥ ಚಳಿಯಲ್ಲೂ ಮೈಮೇಲೆ ಬಟ್ಟೆ ಕಡಿಮೆ, ಸೀಲ್ ಕೊಬ್ಬಿನ ಲೇಪ ಜಾಸ್ತಿ.

ಅವರಲ್ಲಿ ಒಬ್ಬನಿಗೆ ಇಂಗ್ಲಿಷ್ ಬರುತ್ತದೆ ಎಂದು ಸಂಘಕ್ಕೆ ಗೊತ್ತಿತ್ತು. ಹೆಸರು ಒರುಂಡೆಲಿಕೊ. ಲೋಕಕ್ಕೆ ಗೊತ್ತಿರುವುದು ಜೆಮ್ಮಿ ಬಟನ್ ಎಂದು. 1830ರಲ್ಲಿ ‘ಬೀಗಲ್’ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಈ ಹುಡುಗನನ್ನು ಇಂಗ್ಲೆಂಡಿಗೆ ಕರೆದೊಯ್ದಿದ್ದರು. ಬದಲಿಗೆ ಒಂದು ಗುಂಡಿ ಕೊಟ್ಟರಂತೆ, ಅದಕ್ಕೇ ಬಟನ್. ಬೂಟು, ಕೈಗವಸು, ರಾಜರಾಣಿಯರ ಭೇಟಿ ಎಲ್ಲ ಆಗಿ, 1833ರಲ್ಲಿ ಅದೇ ಬೀಗಲ್ ಅವನನ್ನು ವುಲಾಯಾ ಎಂಬ ಕೊಲ್ಲಿಯಲ್ಲಿ ಬಿಟ್ಟಿತು. ಆ ಪ್ರಯಾಣದಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಇದ್ದರು. ಮರುವರ್ಷ ಹಡಗು ಮತ್ತೆ ಬಂದಾಗ ಜೆಮ್ಮಿ ಬಟ್ಟೆಬರೆ ಬಿಟ್ಟು ತನ್ನವರಂತೆ ಬದುಕುತ್ತಿದ್ದ. ಮತ್ತೆ ಇಂಗ್ಲೆಂಡಿಗೆ ಬರುತ್ತೀಯಾ ಎಂದರೆ ಒಲ್ಲೆ ಎಂದ.

‘ಅಲೆನ್ ಗಾರ್ಡಿನರ್’ನ ಮೊದಲ ಕ್ಯಾಪ್ಟನ್ ವಿಲಿಯಂ ಪಾರ್ಕರ್ ಸ್ನೋ. ಆರ್ಕ್ಟಿಕ್‌ನಲ್ಲಿ ಕಳೆದುಹೋದ ಫ್ರಾಂಕ್ಲಿನ್ ತಂಡವನ್ನು ಹುಡುಕಲು ಹೋಗಿ ಬಂದವರು. ಹೆಂಡತಿಯನ್ನೂ ಹಡಗಿನಲ್ಲೇ ಕರೆತಂದಿದ್ದರು. ಫಾಕ್‌ಲೆಂಡ್‌ನ ಪಶ್ಚಿಮಕ್ಕಿರುವ ಕೆಪ್ಪೆಲ್ ದ್ವೀಪದಲ್ಲಿ ನೆಲೆ ಹಾಕಿದ ಮೇಲೆ, 1855ರ ನವೆಂಬರ್‌ನಲ್ಲಿ ವುಲಾಯಾ ಹತ್ತಿರ ಬಂದರು. ಬ್ರಿಟಿಷ್ ಬಾವುಟ ಏರಿಸಿ, ಎದುರು ಬಂದ ದೋಣಿಗಳ ಕಡೆ ಜೆಮ್ಮಿ ಬಟನ್, ಜೆಮ್ಮಿ ಬಟನ್ ಎಂದು ಕೂಗಿದರು. ಒಂದು ದೋಣಿಯಿಂದ ಒಬ್ಬ ನಡುವಯಸ್ಸಿನವನು ಎದ್ದು ನಿಂತು, ಹೌದು, ನಾನೇ, ಏಣಿ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ! ಇಪ್ಪತ್ತು ವರ್ಷ ಆಗಿಹೋಗಿತ್ತು. ಹಡಗು ಹತ್ತಲು ಏಣಿ ಬೇಕು ಎಂಬುದು ಅವನಿಗೆ ಮರೆತಿರಲಿಲ್ಲ.

ಸ್ನೋ ಅವನಿಗೆ ಬಟ್ಟೆ ತೊಡಿಸಿದರು, ಊಟ ಕೊಟ್ಟರು. ಕೆಪ್ಪೆಲ್‌ಗೆ ಬರುತ್ತೀಯಾ ಎಂದು ಕೇಳಿದರು. ಜೆಮ್ಮಿ ಬರುವುದಿಲ್ಲ ಎಂದ. ಸ್ನೋ ಒತ್ತಾಯ ಮಾಡಲಿಲ್ಲ. ಅಷ್ಟೇ ಅಲ್ಲ, ಈ ಯೋಜನೆಯೇ ಅಪಾಯ ಎಂದು ಅವರಿಗೆ ಅನ್ನಿಸತೊಡಗಿತು. ಭಾಷೆ ತಿಳಿಯದ ಜನರಿಗೆ ಎಲ್ಲಿಗೆ, ಯಾಕೆ, ಎಷ್ಟು ದಿನಕ್ಕೆ ಎಂದು ಹೇಳುವುದು ಹೇಗೆ? ಹೇಳಲಾಗದಿದ್ದರೆ ಅದು ಕರೆದೊಯ್ಯುವುದೋ, ಹೊತ್ತೊಯ್ಯುವುದೋ? ಕಾನೂನಿನ ಮುಂದೆ ಉತ್ತರ ಕೊಡಬೇಕಾದವನು ಹಡಗಿನ ಕ್ಯಾಪ್ಟನ್, ಇಂಗ್ಲೆಂಡಿನಲ್ಲಿ ಕೂತ ಸಮಿತಿ ಅಲ್ಲ.

1856ರಲ್ಲಿ ಡೆಸ್ಪಾರ್ಡ್ ಮನೆಮಂದಿ ಸಮೇತ ಬಂದಿಳಿದರು. ಇಬ್ಬರಿಗೂ ಜಗಳ ಹತ್ತಿತು. ಸ್ನೋ ಕೆಲಸ ಹೋಯಿತು. ಅವರು ಇಂಗ್ಲೆಂಡಿಗೆ ಮರಳಿ ಸಂಘದ ಮೇಲೆ ದಾವೆ ಹೂಡಿ ಸೋತರು. ಸ್ನೋ ಸುಲಭದ ಮನುಷ್ಯ ಆಗಿರಲಿಲ್ಲ, ಜಗಳದಲ್ಲಿ ಅವರ ಪಾಲೂ ಇತ್ತು. ಆದರೆ ಇಡೀ ಪ್ರಕರಣದಲ್ಲಿ ‘ಬರುವುದಿಲ್ಲ’ ಎಂಬ ಮಾತನ್ನು ಬರುವುದಿಲ್ಲ ಎಂದೇ ಕೇಳಿಸಿಕೊಂಡ ಅಧಿಕಾರಿ ಅವರೊಬ್ಬರೇ. ಅವರನ್ನೇ ಮೊದಲು ದಡಕ್ಕೆ ಇಳಿಸಿದರು.

ಕರೆತರುವುದು, ಬಿಟ್ಟುಬರುವುದು

ಈಗ ಹಡಗಿಗೆ ನಿಜವಾದ ಕೆಲಸ ಸಿಕ್ಕಿತು. 1858ರ ಜೂನ್‌ನಲ್ಲಿ ಜೆಮ್ಮಿ ಒಪ್ಪಿದ. ಒಬ್ಬ ಹೆಂಡತಿ, ಮಕ್ಕಳ ಜೊತೆ ಕೆಪ್ಪೆಲ್‌ಗೆ ಬಂದು ಸುಮಾರು ಐದು ತಿಂಗಳು ಇದ್ದ. ಅದು ಬೋಳು ದ್ವೀಪ. ಮರವಿಲ್ಲ. ಬರೀ ಹುಲ್ಲು, ಪಾಚಿಮಣ್ಣು, ಗಾಳಿ. ಮರದ ತೊಗಟೆಯಲ್ಲಿ ದೋಣಿ ಮಾಡಿ ಬದುಕುವವನಿಗೆ ಅಲ್ಲಿ ಏನಿದೆ ಹೇಳಿ? ಡೆಸ್ಪಾರ್ಡ್‌ಗೆ ಬೇಕಿದ್ದದ್ದು ಪದಗಳು. ಜೆಮ್ಮಿ ಧಾರಾಳವಾಗಿ ಕೊಡಲಿಲ್ಲ. ವರ್ಷದ ಕೊನೆಯಲ್ಲಿ ಅವನನ್ನು ಬಿಟ್ಟು, ಬದಲಿಗೆ ಗಂಡಸರು, ಹೆಂಗಸರು, ಮಕ್ಕಳು ಸೇರಿ ಒಂಬತ್ತು ಜನರನ್ನು ಕರೆತಂದರು. ಇವರು 1859ರ ಹೆಚ್ಚಿನ ಭಾಗ ಕೆಪ್ಪೆಲ್‌ನಲ್ಲಿ ಕಳೆದರು. ತೋಟದ ಕೆಲಸ, ಪ್ರಾರ್ಥನೆ, ಹಾಡು. ಹೊರಗಿನಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ಇತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದರೆ ಮುಂದಿನ ರಕ್ತದ ಬೇರು ಇದರಲ್ಲಿದೆ ಅನ್ನಿಸುತ್ತದೆ. ಯಾಘನ್ನರಲ್ಲಿ ಒಬ್ಬನ ಕೈಗೆ ಬಂದದ್ದು ಒಬ್ಬನದಾಗಿ ಉಳಿಯುತ್ತಿರಲಿಲ್ಲ. ಒಬ್ಬನಿಗೆ ಬಟ್ಟೆ ಕೊಟ್ಟರೆ ಅದನ್ನು ಹರಿದು ಎಲ್ಲರಿಗೂ ಚೂರು ಚೂರು ಹಂಚುತ್ತಾರೆ ಎಂದು ಡಾರ್ವಿನ್ ಬರೆದಿದ್ದರು. ಕೊಡು ಎಂಬ ಅರ್ಥದ ‘ಯಮ್ಮರ್‌ಸ್ಕೂನರ್’ ಎಂಬ ಮಾತು ಕೇಳಿ ಕೇಳಿ ಬೀಗಲ್‌ನವರಿಗೆ ಸಾಕುಸಾಕಾಗಿತ್ತು. ಇಂಥವರ ಕಣ್ಣಿಗೆ ‘ಅಲೆನ್ ಗಾರ್ಡಿನರ್’ ಏನಾಗಿ ಕಂಡಿರಬೇಕು? ಮಿಶನರಿಗೆ ಅದು ತೇಲುವ ದೇವಮಂದಿರ. ದಡದವರಿಗೆ ಅದು ತೇಲುವ ಉಗ್ರಾಣ. ಕಬ್ಬಿಣ, ಮೊಳೆ, ಹಗ್ಗ, ಕಂಬಳಿ, ಬಿಸ್ಕೀಟು. ಅಷ್ಟೆಲ್ಲ ಇಟ್ಟುಕೊಂಡು ಅಳೆದು ತೂಗಿ ಕೊಡುವವರು ಅವರ ಲೆಕ್ಕದಲ್ಲಿ ಜಿಪುಣರು. ಕೇಳದೆ ತೆಗೆದುಕೊಳ್ಳುವವರು ಹಡಗಿನವರ ಲೆಕ್ಕದಲ್ಲಿ ಕಳ್ಳರು.

ಊರಿಗೆ ಮರಳುವ ದಿನ ಕೆಪ್ಪೆಲ್‌ನಲ್ಲಿ ಏನೋ ಕೆಲವು ಸಾಮಾನು ಕಾಣಲಿಲ್ಲ. ಡೆಸ್ಪಾರ್ಡ್ ಒಂಬತ್ತು ಜನರ ಗಂಟುಗಳನ್ನು ಬಿಚ್ಚಿಸಿ ನೋಡಿಸಿದರು. ಸಾಮಾನು ಸಿಕ್ಕಿತು, ಮುಖಗಳು ಕೆಟ್ಟವು. ಬಿರುಗಾಳಿಯಲ್ಲಿ ಸಿಕ್ಕಿ ಒದ್ದಾಡಿ ಹಡಗು ನವೆಂಬರ್ ಮೊದಲ ದಿನಗಳಲ್ಲಿ ವುಲಾಯಾ ಮುಟ್ಟಿತು. ಈಗ ಕ್ಯಾಪ್ಟನ್ ರಾಬರ್ಟ್ ಫೆಲ್. ಉಪದೇಶಿ ಗಾರ್ಲೆಂಡ್ ಫಿಲಿಪ್ಸ್. ಇಳಿಯುವ ಹೊತ್ತಿಗೆ ಖಲಾಸಿಗಳು ತಮ್ಮ ಸಾಮಾನೂ ಕಾಣೆಯಾಗಿದೆ ಎಂದರು. ಫೆಲ್ ಮತ್ತೆ ಗಂಟು ಬಿಚ್ಚಿಸಿದರು. ಈ ಸಲ ನೋಡುತ್ತಿದ್ದವರು ಸ್ವಂತ ಊರಿನವರು, ನೆಂಟರು. ಸಿಟ್ಟಿನಲ್ಲಿ ಆ ಒಂಬತ್ತು ಜನ ಮಿಶನ್ ಕೊಟ್ಟಿದ್ದ ಬಟ್ಟೆಗಳನ್ನೇ ಕಿತ್ತೆಸೆದು ಬರಿಮೈಯಲ್ಲಿ ದೋಣಿಗೆ ಇಳಿದುಹೋದರು. ಜೆಮ್ಮಿಯೂ ಹಡಗಿಗೆ ಬಂದಿದ್ದ. ತನಗೆಂದು ಬಂದ ಉಡುಗೊರೆ ಅವನಿಗೆ ಸಾಲಲಿಲ್ಲ.

ಒಂದೇ ಸಲವಾಗಿದ್ದರೆ ಮರೆಯುತ್ತಿದ್ದರೇನೋ. ಒಂಬತ್ತು ತಿಂಗಳು ಅಣ್ಣತಮ್ಮ ಎಂದು ಹಾಡು ಕಲಿಸಿ, ಮನೆಬಾಗಿಲಲ್ಲಿ ಗಂಟು ಬಿಚ್ಚಿಸುವುದು ಬೇರೆಯೇ. ಅದೂ ಎರಡನೇ ಸಲ.

ನವೆಂಬರ್ 6, 1859

ದಡದಲ್ಲಿ ಒಂದು ಸಣ್ಣ ಮನೆ ಕಟ್ಟುತ್ತಿದ್ದರು. ದಿನದಿನಕ್ಕೂ ದೋಣಿಗಳು ಜಾಸ್ತಿಯಾಗುತ್ತಿದ್ದವು, ಕೊನೆಗೆ ಸುಮಾರು 300 ಜನ ಸೇರಿದ್ದರು ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಆ ಅರ್ಧ ಕಟ್ಟಿದ ಮನೆಯಲ್ಲಿ ಪ್ರಾರ್ಥನೆ ಮಾಡೋಣ ಎಂದು ಫೆಲ್, ಫಿಲಿಪ್ಸ್, ಖಲಾಸಿಗಳು ಸೇರಿ ಎಂಟು ಜನ ದೋಣಿ ಹತ್ತಿದರು. ಕೈಯಲ್ಲಿ ಆಯುಧ ಇರಲಿಲ್ಲ. ಹಡಗಿನಲ್ಲಿ ಉಳಿದವನು ಅಡುಗೆಯವನು, ಆಲ್ಫ್ರೆಡ್ ಕೋಲ್ಸ್.

ಕೋಲ್ಸ್ ಡೆಕ್ ಮೇಲಿಂದ ನೋಡುತ್ತಿದ್ದ. ಎಲ್ಲರೂ ಒಳಗೆ ಹೋದರು. ಹಾಡು ಶುರುವಾಯಿತು. ಅಷ್ಟರಲ್ಲಿ ಕೆಲವರು ದಡದಲ್ಲಿದ್ದ ದೋಣಿಯಿಂದ ಹುಟ್ಟುಗಳನ್ನು ಎತ್ತಿಕೊಂಡು ಹೋದರು. ಆಮೇಲೆ ಕೂಗಾಟ, ದೊಣ್ಣೆ, ಕಲ್ಲು, ಈಟಿ. ಎಂಟು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕೆಪ್ಪೆಲ್‌ನಿಂದ ಬಂದ ಒಂಬತ್ತು ಜನರಲ್ಲಿ ಒಕೊಕ್ಕೊ ಎಂಬ ಯುವಕ ಮಾತ್ರ ದಡದ ಮೇಲೆ ಅತ್ತಿತ್ತ ಓಡಾಡುತ್ತ ಅಳುತ್ತಿದ್ದ ಎಂದು ಕೋಲ್ಸ್ ಆಮೇಲೆ ಹೇಳಿದ.

ಹುಟ್ಟುಗಳ ಮಾತು ನನ್ನನ್ನು ಕಾಡುತ್ತದೆ. ಸಿಟ್ಟು ಏಕಾಏಕಿ ಒಡೆದದ್ದಲ್ಲ, ಮೊದಲೇ ಮಾತಾಡಿಕೊಂಡಿದ್ದರು ಎಂಬುದಕ್ಕೆ ಅದು ಗುರುತು. ಕಡಲಿನ ಜನ ಅಲ್ವಾ, ಹಡಗಿನವರನ್ನು ಹಿಡಿಯಬೇಕಾದರೆ ಏನು ಕಿತ್ತುಕೊಳ್ಳಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೋಲ್ಸ್ ಉಳಿದಿದ್ದ ಪುಟ್ಟ ದೋಣಿಯಲ್ಲಿ ತಪ್ಪಿಸಿಕೊಂಡು ಕಾಡು ಸೇರಿ, ಮರ ಹತ್ತಿ ಕೂತ. ಹಸಿವು ತಾಳಲಾರದೆ ಕೊನೆಗೆ ಯಾಘನ್ನರ ಕೈಗೇ ಸಿಕ್ಕಿದ. ಅವರು ಅವನ ಬಟ್ಟೆ ಕಿತ್ತುಕೊಂಡರು, ಗಡ್ಡ ಹುಬ್ಬು ಕಿತ್ತರು, ಕೊಲ್ಲಲಿಲ್ಲ. ತಮ್ಮ ಜೊತೆ ಇಟ್ಟುಕೊಂಡು ಊಟ ಹಾಕಿದರು. ಸುಮಾರು ಮೂರು ತಿಂಗಳು ಹಾಗೆ ಕಳೆಯಿತು. ಹಡಗನ್ನು ಬೋಳಿಸಿಬಿಟ್ಟಿದ್ದರು. ಹಾಯಿ, ಕಬ್ಬಿಣ, ಸಾಮಾನು ಒಂದೂ ಇಲ್ಲ. ಲಂಗರಿಗೆ ಕಟ್ಟಿದ ಖಾಲಿ ಒಡಲು ತೇಲುತ್ತಿತ್ತು. 1860ರ ಮಾರ್ಚ್‌ನಲ್ಲಿ, ಡೆಸ್ಪಾರ್ಡ್ ಬಾಡಿಗೆಗೆ ಕಳಿಸಿದ ‘ನ್ಯಾನ್ಸಿ’ ಎಂಬ ಹಡಗು ಬಂದು ಕೋಲ್ಸ್‌ನನ್ನು ಹತ್ತಿಸಿಕೊಂಡಿತು. ಜೆಮ್ಮಿಯೂ ಹತ್ತಿದ.

ವಿಚಾರಣೆ

ಫಾಕ್‌ಲೆಂಡ್‌ನ ಸ್ಟಾನ್ಲಿಯಲ್ಲಿ ಗವರ್ನರ್ ಮೂರ್ ವಿಚಾರಣೆ ನಡೆಸಿದರು. ಕೋಲ್ಸ್ ಹೇಳಿದ್ದು: ಇದರ ಹಿಂದೆ ಜೆಮ್ಮಿ ಇದ್ದ, ಆ ರಾತ್ರಿ ಕ್ಯಾಪ್ಟನ್ನರ ಕೋಣೆಯಲ್ಲಿ ಮಲಗಿದ. ಜೆಮ್ಮಿ ಹೇಳಿದ್ದು: ನಾವಲ್ಲ, ಕೊಂದವರು ಬೇರೆ ಕಡೆಯ ಓನ್ಸ್ ಜನ, ನಾನು ಹೆಣಗಳನ್ನು ಹೂಳಿದೆ. ಕೋಲ್ಸ್ ಮಾತನ್ನೂ ಪೂರ್ತಿ ನಂಬುವುದು ಕಷ್ಟ. ಕೋಣೆಯಲ್ಲಿ ಮಲಗಿದ್ದನ್ನು ಅವನು ಕಣ್ಣಾರೆ ನೋಡಿರಲಿಲ್ಲ, ಆಮೇಲೆ ಕೇಳಿದ್ದು. ಇಂಗ್ಲೆಂಡಿಗೆ ಹೋಗಿ ಬಂದು ಮತ್ತೆ ಕಾಡು ಸೇರಿದವನು ಕೊಲೆಗಾರನೂ ಆದ ಎಂಬ ಕತೆ ಎಲ್ಲರಿಗೂ ಬೇಗ ಹಿಡಿಸಿತು. ಅದಕ್ಕೇ ನನಗೆ ಅನುಮಾನ.

ಜೆಮ್ಮಿ ಇನ್ನೊಂದು ಮಾತು ಹೇಳಿದ. ಕೆಪ್ಪೆಲ್‌ನಲ್ಲಿ ಇರಲು ತನಗೆ ಇಷ್ಟವಿರಲಿಲ್ಲ, ಮತ್ತೆ ಹೋಗುವುದಿಲ್ಲ. ವಿಚಾರಣೆಯ ಕಾಗದಗಳಲ್ಲಿ ತೂಕದ ಮಾತು ಇದೇ. ಕರೆಸಿದರೂ ಡೆಸ್ಪಾರ್ಡ್ ಸ್ಟಾನ್ಲಿಗೆ ಬರಲಿಲ್ಲ. ಯಾರಿಗೂ ಶಿಕ್ಷೆ ಆಗಲಿಲ್ಲ, ಸೇಡಿಗೆ ಹಡಗೂ ಹೋಗಲಿಲ್ಲ. ಜೆಮ್ಮಿಯನ್ನು ಊರಿಗೆ ಬಿಟ್ಟುಬಂದರು.

ಹಡಗಿನ ಎರಡನೇ ಬಾಳು

ಒಡಲನ್ನು ತಂದು ರಿಪೇರಿ ಮಾಡಿದರು. ಡೆಸ್ಪಾರ್ಡ್ ರಾಜೀನಾಮೆ ಕೊಟ್ಟು ಅದರಲ್ಲೇ ಇಂಗ್ಲೆಂಡಿಗೆ ಹೊರಟರು. ಅವರ ಸಾಕುಮಗ ಥಾಮಸ್ ಬ್ರಿಜಸ್ ಹೋಗಲಿಲ್ಲ. ಹದಿಹರೆಯ ಇನ್ನೂ ದಾಟಿರದ ಹುಡುಗ ಕೆಪ್ಪೆಲ್‌ನಲ್ಲೇ ಉಳಿದ. ಕೊಲೆಯ ನಂತರ ಒಕೊಕ್ಕೊ ಹೆಂಡತಿ ಕ್ಯಾಮಿಲೆನ್ನಾಳೊಂದಿಗೆ ಕೆಪ್ಪೆಲ್‌ಗೆ ಮರಳಿದ್ದ. ಮೂವರೂ ಆ ಬೋಳು ದ್ವೀಪದಲ್ಲಿ ಮಾತಾಡುತ್ತಾ ಕೂತರು. ಹಡಗು ದೂರದಲ್ಲಿತ್ತು. ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಎಂಟು ವರ್ಷದಲ್ಲಿ ಹಡಗಿನಿಂದ ಆಗದ್ದು ಹೀಗೆ ಆಯಿತು. 1863ರಲ್ಲಿ ಹೊಸ ಮುಖ್ಯಸ್ಥ ವೇಟ್ ಸ್ಟರ್ಲಿಂಗ್ ಅದೇ ಹಡಗಿನಲ್ಲಿ ಬಂದು ಬ್ರಿಜಸ್‌ನನ್ನು ಹತ್ತಿಸಿಕೊಂಡು ಯಾಘನ್ನರ ಕಡೆ ಹೋದರು. ಹಡಗಿನ ಅಂಚಿನಿಂದ ಒಬ್ಬ ಬಿಳಿಯ ಹುಡುಗ ತಮ್ಮದೇ ಮಾತಿನಲ್ಲಿ ಕರೆಯುವುದನ್ನು ಅವರು ಮೊದಲ ಸಲ ಕೇಳಿದರು.

ಹಾಗೆಂದು ಹಳೇ ಚಾಳಿ ಬಿಟ್ಟುಹೋಯಿತೆ? ಇಲ್ಲ. ಸ್ಟರ್ಲಿಂಗ್ ನಾಲ್ಕು ಯಾಘನ್ ಹುಡುಗರನ್ನು ಇಂಗ್ಲೆಂಡಿಗೆ ಕರೆದೊಯ್ದರು. ಅವರಲ್ಲಿ ಒಬ್ಬ ಜೆಮ್ಮಿಯ ಮಗ. ನಾಲ್ವರಲ್ಲಿ ಇಬ್ಬರು ವಾಪಸ್ ಊರು ಸೇರುವ ಮುಂಚೆಯೇ ಸತ್ತರು. ಜೆಮ್ಮಿಯ ಮಗ ಅವರಲ್ಲೊಬ್ಬ.

1869ರ ಜನವರಿಯಲ್ಲಿ ಹಡಗು ಸ್ಟರ್ಲಿಂಗ್ ಅವರನ್ನು ಉಶುವಾಯಾ ಕೊಲ್ಲಿಯಲ್ಲಿ ಒಂದು ಮರದ ಗುಡಿಸಲಿನಲ್ಲಿ ಇಳಿಸಿ ಹೋಯಿತು. ಸುತ್ತ ಯಾಘನ್ನರು, ಒಬ್ಬರೇ ಬಿಳಿಯರು, ತಿಂಗಳುಗಟ್ಟಲೆ. 1871ರಲ್ಲಿ ಬ್ರಿಜಸ್ ಹೆಂಡತಿ, ಹಸುಗೂಸಿನ ಜೊತೆ ಬಂದು ಅಲ್ಲೇ ನೆಲೆಸಿದರು. ಇಲ್ಲಿಂದ ಮುಂದೆ ಹಡಗು ಬರೀ ಸಾಮಾನು ಸಾಗಿಸುವ ಹಡಗು. ಅದು ಹಳತಾದ ಮೇಲೆ ಅದೇ ಹೆಸರಿನ ಬೇರೆ ಹಡಗುಗಳು ಬಂದವು.

ಬ್ರಿಜಸ್ ಸುಮಾರು 32,000 ಪದಗಳ ಯಾಘನ್ ನಿಘಂಟು ಬರೆದರು. ನಮಗೆ ಕಿಟೆಲ್ ನೆನಪಾಗುವುದು ಸಹಜ. ಆದರೆ ಕಿಟೆಲ್ ಅವರ ಕೈಗೆ ಸಾವಿರ ವರ್ಷದ ಕನ್ನಡ ಬರವಣಿಗೆ ಸಿಕ್ಕಿತ್ತು. ಬ್ರಿಜಸ್ ಮುಂದೆ ಇದ್ದದ್ದು ಬರೀ ಬಾಯಿ ಮಾತು, ಅದೂ ಬೆಂಕಿಯ ಸುತ್ತ ಕೂತು ಕೇಳಿದ್ದು. ಆ ಭಾಷೆಯನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವರು ಕ್ರಿಸ್ಟಿನಾ ಕಾಲ್ಡೆರಾನ್. 2022ರ ಫೆಬ್ರವರಿಯಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಮಾತಾಡುವವರು ಅಷ್ಟು ಬೇಗ ಕಡಿಮೆಯಾದದ್ದಕ್ಕೆ ಕಾರಣ ಹಲವು. ಸೀಲ್ ಬೇಟೆಯವರು ಅವರ ಊಟವನ್ನೇ ಖಾಲಿ ಮಾಡಿದರು. ಆಮೇಲೆ ಹಡಗುಗಳ ಜೊತೆ ಕಾಯಿಲೆಗಳು ಬಂದವು. ದೋಣಿಗಳಲ್ಲಿ ಚದುರಿ ಬದುಕುತ್ತಿದ್ದ ಜನ ಈಗ ಮಿಶನ್ ಸುತ್ತ ಒಟ್ಟಿಗೆ ಮನೆ ಮಾಡಿದ್ದರು, ಒಬ್ಬರಿಗೆ ಬಂದದ್ದು ಎಲ್ಲರಿಗೂ ಬರುತ್ತಿತ್ತು. 1884ರಲ್ಲಿ ಅರ್ಜೆಂಟೀನಾದ ನೌಕಾಪಡೆಯ ಹಡಗುಗಳು ಸರ್ಕಾರಿ ಕಚೇರಿ ತೆರೆಯಲು ಉಶುವಾಯಾಕ್ಕೆ ಬಂದವು. ಅವು ಬಂದ ಹಿಂದೆಯೇ ದಡಾರ ಹರಡಿತು. ಗುಂಡಿ ತೋಡಲು ಕೈ ಸಾಲದಷ್ಟು ಜನ ಸತ್ತರು. ಅದೇ ದಡಾರ ಬ್ರಿಜಸ್ ಅವರ ಮಕ್ಕಳಿಗೂ ಬಂತು. ಅವರೆಲ್ಲ ಗುಣವಾಗಿ ಎದ್ದು ಓಡಾಡಿದರು.